ಮನೆಯಲ್ಲಿ ಕಾರ್ ಚಾರ್ಜರ್: ಎರಡು ಅಂದಾಜುಪಟ್ಟಿಗಳ ನಡುವೆ ಇಷ್ಟು ಅಂತರ ಏಕೆ?

ಪ್ರಶ್ನೆ:
ಮನೆಯಲ್ಲಿ 7.4 ಕಿಲೋವ್ಯಾಟ್‌ನ ಚಾರ್ಜರ್ ಅಳವಡಿಸಲು ಇಬ್ಬರು ಎಲೆಕ್ಟ್ರಿಷಿಯನ್‌ಗಳಿಂದ ಅಂದಾಜುಪಟ್ಟಿ ಪಡೆದಿದ್ದೇನೆ. ಚಾರ್ಜರ್ ಒಂದೇ ಆಗಿದ್ದರೂ ಒಬ್ಬರ ಮೊತ್ತ ಇನ್ನೊಬ್ಬರದರ ಎರಡು ಪಟ್ಟಿದೆ. ಮೀಟರ್ ಬೋರ್ಡಿನಿಂದ ಕಾರು ನಿಲ್ಲಿಸುವ ಜಾಗಕ್ಕೆ ತಂತಿಯ ದಾರಿ 30 ಮೀಟರ್. ಮನೆಗೆ ಮಂಜೂರಾಗಿರುವುದು 230 ವೋಲ್ಟ್‌ನ ಸಿಂಗಲ್ ಫೇಸ್‌ನಲ್ಲಿ 5 ಕಿಲೋವ್ಯಾಟ್. ದಿನದ ಓಡಾಟ ಸುಮಾರು 40 ಕಿಲೋಮೀಟರ್. ಒಬ್ಬರು ಬೇಕಾದದ್ದನ್ನು ಬಿಟ್ಟಿದ್ದಾರೆಯೋ, ಇನ್ನೊಬ್ಬರು ಬೇಡದ್ದನ್ನು ಸೇರಿಸಿದ್ದಾರೆಯೋ ತಿಳಿಯುತ್ತಿಲ್ಲ.

ಉತ್ತರ:
ಒಟ್ಟು ಮೊತ್ತಗಳನ್ನು ಹೋಲಿಸಿದರೆ ಏನೂ ಗೊತ್ತಾಗುವುದಿಲ್ಲ. ತಂತಿಯ ದಪ್ಪ, ಆರ್‌ಸಿಸಿಬಿಯ (ಕರೆಂಟ್ ಸೋರಿದರೆ ಕಡಿತಗೊಳಿಸುವ ಸ್ವಿಚ್) ಬಗೆ, ಅರ್ಥಿಂಗ್, ಹೆಚ್ಚುವರಿ ಲೋಡ್‌ನ ಮಂಜೂರಾತಿ ಇವು ಪಟ್ಟಿಯಲ್ಲಿ ಹೇಗಿವೆ ಎಂಬುದನ್ನು ದಯವಿಟ್ಟು ತಿಳಿಸಿ.

ಪ್ರಶ್ನಿಸಿದವರು:
ಕಡಿಮೆ ಮೊತ್ತದ ಪಟ್ಟಿಯಲ್ಲಿ 4 ಚದರ ಮಿಲಿಮೀಟರ್ ತಾಮ್ರದ ತಂತಿ ಮತ್ತು ಎಂಸಿಬಿ ಮಾತ್ರ ಇವೆ. ಇನ್ನೊಂದರಲ್ಲಿ 10 ಚದರ ಮಿಲಿಮೀಟರ್ ತಂತಿ, ಟೈಪ್ ಬಿ ಆರ್‌ಸಿಸಿಬಿ, ಪ್ರತ್ಯೇಕ ಅರ್ಥಿಂಗ್ ಮತ್ತು ಲೋಡ್ ಹೆಚ್ಚಿಸುವ ಕೆಲಸ ಇವೆ.

ಉತ್ತರ:
ಹಾಗಿದ್ದರೆ ಮೊದಲನೆಯದನ್ನು ಇದ್ದಂತೆಯೇ ಒಪ್ಪಬೇಡಿ. ಎಂಸಿಬಿ ಮಿತಿಮೀರಿದ ಕರೆಂಟನ್ನು ತಡೆಯುತ್ತದೆಯೇ ಹೊರತು ಸೋರುವ ಕರೆಂಟಿನಿಂದ ಮನುಷ್ಯರನ್ನು ಕಾಪಾಡುವುದಿಲ್ಲ. ಅದಕ್ಕೆ 30 ಮಿಲಿಆಂಪಿಯರ್‌ನ ಆರ್‌ಸಿಸಿಬಿಯೇ ಬೇಕು. ತಂತಿಯ ಲೆಕ್ಕವೂ ನೋಡಿ. 32 ಆಂಪಿಯರ್ ಹರಿಯುವಾಗ, ಹೋಗಿಬರುವ 60 ಮೀಟರ್‌ನಲ್ಲಿ 4 ಚದರ ಮಿಲಿಮೀಟರ್ ತಂತಿ ಸುಮಾರು 8.4 ವೋಲ್ಟ್ ಕಳೆದುಕೊಂಡು 270 ವ್ಯಾಟ್‌ನಷ್ಟು ಶಾಖವನ್ನು ಗಂಟೆಗಟ್ಟಲೆ ಹೊರಹಾಕುತ್ತದೆ. 6 ಚದರ ಮಿಲಿಮೀಟರ್‌ನಲ್ಲಿ ಇದು 5.6 ವೋಲ್ಟ್‌ಗೆ ಇಳಿಯುತ್ತದೆ. ಆದ್ದರಿಂದ, ಕೊಳವೆಯಲ್ಲಿ ಬೇರೆ ತಂತಿಗಳ ಬಿಸಿ ಇಲ್ಲದಿದ್ದರೆ, 10ರ ತಂತಿ ಅನಿವಾರ್ಯವೇನಲ್ಲ.

ಇನ್ನು ಟೈಪ್ ಬಿ. ಕಾರಿನ ಕಡೆಯಿಂದ ಡಿಸಿ ಕರೆಂಟ್ ಸೋರಿದರೆ ಸಾಮಾನ್ಯ ಟೈಪ್ ಎ ಆರ್‌ಸಿಸಿಬಿ ಮಂದವಾಗಿ, ಬೇಕಾದಾಗ ಕಡಿತಗೊಳ್ಳದೇ ಇರಬಹುದು. ದುಬಾರಿ ಟೈಪ್ ಬಿ ಸೂಚಿಸುವುದಕ್ಕೆ ಇದೇ ಕಾರಣ. ಆದರೆ ಅನೇಕ ಚಾರ್ಜರ್‌ಗಳ ಒಳಗೇ 6 ಮಿಲಿಆಂಪಿಯರ್ ಡಿಸಿ ಸೋರಿಕೆಯನ್ನು ಗುರುತಿಸಿ ಕಡಿತಗೊಳಿಸುವ ವ್ಯವಸ್ಥೆ ಇರುತ್ತದೆ; ನಿಮ್ಮದರ ಕೈಪಿಡಿಯಲ್ಲಿ ಅದು ಇದ್ದರೆ ಟೈಪ್ ಎ ಸಾಕು. ಇದೊಂದನ್ನು ಪರಿಶೀಲಿಸಿದರೆ ದೊಡ್ಡ ಮೊತ್ತದ ಒಂದು ಭಾಗ ಉಳಿಯುತ್ತದೆ.

ಇಷ್ಟಾದರೂ ಮೂಲ ಪ್ರಶ್ನೆ ಬೇರೆಯೇ ಇದೆ: ನಿಮಗೆ 7.4 ಕಿಲೋವ್ಯಾಟ್ ಏಕೆ ಬೇಕು? ಕಿಲೋಮೀಟರಿಗೆ 150 ವ್ಯಾಟ್-ಗಂಟೆ ಎಂದು ಹಿಡಿದರೆ 40 ಕಿಲೋಮೀಟರಿಗೆ 6 ಯೂನಿಟ್, ಚಾರ್ಜಿಂಗ್ ನಷ್ಟ ಸೇರಿ ಏಳರ ಒಳಗೆ. 10 ಆಂಪಿಯರ್‌ನಲ್ಲಿ, ಅಂದರೆ 2.3 ಕಿಲೋವ್ಯಾಟ್‌ನಲ್ಲಿ, ಇದು ಸುಮಾರು ಮೂರು ಗಂಟೆಯ ಕೆಲಸ. ರಾತ್ರಿಯ ಉಳಿದ ಹೊತ್ತು ಕಾರು ಸುಮ್ಮನೆ ನಿಂತಿರುತ್ತದೆ. ಚಾರ್ಜರಿನ ಗರಿಷ್ಠ ಕರೆಂಟನ್ನು ಕಡಿಮೆಗೆ ನಿಗದಿಪಡಿಸಿ ಬಿಸಿನೀರಿನ ಹೀಟರ್ ಬಳಸದ ವೇಳೆಯಲ್ಲಿ ಚಾರ್ಜ್ ಮಾಡಿದರೆ 5 ಕಿಲೋವ್ಯಾಟ್‌ನಲ್ಲೇ ನಿಭಾಯಿಸಬಹುದು. ಮುಖ್ಯ ತಂತಿಯ ಕರೆಂಟನ್ನು ಅಳೆದು ಕಾರಿಗೆ ಕೊಡುವುದನ್ನು ತಾನೇ ತಗ್ಗಿಸುವ ಸೌಲಭ್ಯವಿರುವ ಚಾರ್ಜರ್ ಆದರಂತೂ ಇನ್ನೂ ನೆಮ್ಮದಿ.

ಮತ್ತೊಬ್ಬ ಸದಸ್ಯರು:
ನಾಳೆ ಎರಡನೆಯ ಕಾರು ಬಂದರೆ ಗೋಡೆಯನ್ನು ಮತ್ತೆ ಕೊರೆಯಬೇಕಾಗುತ್ತದೆಯಲ್ಲವೇ? ಕೂಲಿಯೇ ಹೆಚ್ಚಾಗುವ ಕೆಲಸವಿದು.

ಉತ್ತರ:
ಸರಿಯಾದ ಆಕ್ಷೇಪ. ಅದಕ್ಕಾಗಿ ಈಗಲೇ ಅಗಲವಾದ ಕೊಳವೆ ಹಾಕಿಸಿ, ಮುಂದೆ ತಂತಿ ಎಳೆಯಲು ಒಳಗೆ ದಾರವೊಂದನ್ನು ಹಾಕಿಸಿಡಿ. ಮುಂದೆ ದಪ್ಪ ತಂತಿ ಬೇಕಾದರೂ ಅಗೆತವಿರುವುದಿಲ್ಲ.

ಪ್ರಶ್ನಿಸಿದವರು:
ಹಾಗಿದ್ದರೆ ಚಾರ್ಜರನ್ನೇ ಬಿಟ್ಟು, ಅಲ್ಲಿರುವ ಹಳೆಯ 16 ಆಂಪಿಯರ್ ಸಾಕೆಟ್‌ಗೆ ಕಾರಿನೊಂದಿಗೆ ಬಂದ ಕೇಬಲನ್ನೇ ಹಾಕಿದರೆ?

ಉತ್ತರ:
ಆ ಸಾಕೆಟ್‌ಗೆ ಮೀಟರ್ ಬೋರ್ಡಿನಿಂದ ಪ್ರತ್ಯೇಕ ತಂತಿ, ಪ್ರತ್ಯೇಕ ಎಂಸಿಬಿ, ಆರ್‌ಸಿಸಿಬಿ ಮತ್ತು ಅಳೆದು ನೋಡಿದ ಅರ್ಥಿಂಗ್ ಇದ್ದರೆ ಮಾತ್ರ. ಹಳೆಯ ಸಾಕೆಟಿನ ಸಡಿಲ ಸಂಪರ್ಕ ನೀರಿನ ಪಂಪಿನ ಅಲ್ಪ ಬಳಕೆಯನ್ನು ತಾಳಿಕೊಂಡರೂ ಗಂಟೆಗಟ್ಟಲೆ ಹರಿಯುವ ಕರೆಂಟಿಗೆ ಕರಗಬಹುದು. ಹೊಸ ಸಾಕೆಟ್ ಹಾಕಿಸಿ, ಕೇಬಲನ್ನು 10 ಆಂಪಿಯರ್‌ಗೆ ಇಳಿಸಿ, ಮೊದಲ ದಿನ ಒಂದು ಗಂಟೆಯ ನಂತರ ಪ್ಲಗ್ಗನ್ನು ಮುಟ್ಟಿ ನೋಡಿ. ಕೈ ಇಡಲಾಗದಷ್ಟು ಬಿಸಿಯಿದ್ದರೆ ಚಾರ್ಜ್ ನಿಲ್ಲಿಸಿ ಎಲೆಕ್ಟ್ರಿಷಿಯನ್ನರನ್ನು ಕರೆಸಿ.