ತಂಡ ಸ್ಕ್ರೀನಿನ ಆಚೆ ಇರುವಾಗ ನಾಯಕತ್ವ ಕಲಿಯೋದು ಹೇಗೆ? ಅನುಭವ ಇದ್ದವರು ಹೇಳಿ

ಕೇಳಿದವರು: ಈಚೆಗೆ ನನ್ನನ್ನು ಟೀಮ್ ಲೀಡ್ ಮಾಡಿದ್ದಾರೆ. ತಂಡದಲ್ಲಿ ಅರ್ಧ ಜನ ಮನೆಯಿಂದಲೇ ಕೆಲಸ ಮಾಡುತ್ತಾರೆ. ಹೊಸ ಸಾಫ್ಟ್‌ವೇರ್, ಎಐ ಎಲ್ಲ ನನಗಿಂತ ಚಿಕ್ಕವರಿಗೇ ಚೆನ್ನಾಗಿ ಗೊತ್ತು. ಯಾವ ಕೋರ್ಸ್ ಮಾಡಲಿ? ಮೊದಲು ಏನು ಕಲಿಯಲಿ?

ಉತ್ತರ 1: ಕೋರ್ಸ್ ಆಮೇಲೆ ನೋಡಿ. ಮೊದಲು ಬಿಡಿಸಿ ಬರೆಯೋದನ್ನು ರೂಢಿ ಮಾಡಿಕೊಳ್ಳಿ. ಎದುರು ಕೂತಾಗ ಅರ್ಧ ಹೇಳಿದರೂ ಉಳಿದದ್ದು ಮುಖ ನೋಡಿದರೆ ಗೊತ್ತಾಗುತ್ತದೆ. ಚಾಟ್‌ನಲ್ಲಿ ಮುಖ ಕಾಣೋದಿಲ್ಲ. "ಆ ರಿಪೋರ್ಟ್ ಏನಾಯ್ತು?" ಅಂತ ರಾತ್ರಿ ಹೊತ್ತು ಮೆಸೇಜ್ ಹಾಕಿದರೆ ನಿಮಗೆ ಅದು ಬರೀ ಪ್ರಶ್ನೆ, ಓದಿದವರಿಗೆ ಬೈಗುಳ. ನಮ್ಮ ತಂಡದಲ್ಲಿ ಹೀಗೆ ಬರೆಯುತ್ತೇವೆ: "ಗುರುವಾರದ ಮೀಟಿಂಗ್‌ಗೆ ಮಾರಾಟದ ರಿಪೋರ್ಟ್ ಬೇಕು. ಬುಧವಾರ ಸಂಜೆಯೊಳಗೆ ಬಂದರೆ ಸಾಕು. ಅಂಕಿಗಳು ಪೂರ್ತಿ ಸಿಗದಿದ್ದರೆ ಸಿಕ್ಕಷ್ಟು ಕಳಿಸಿ, ಯಾವುದು ಬಾಕಿ ಅಂತ ಬರೆಯಿರಿ. ಈಗಲೇ ಉತ್ತರ ಬೇಡ." ಇಷ್ಟು ಬರೆದರೆ ಹತ್ತು ಫೋನ್ ಉಳಿಯುತ್ತದೆ.

ತೀರ್ಮಾನಗಳನ್ನೂ ಬರೆದಿಡಿ. ಏನು ತೀರ್ಮಾನ, ಯಾಕೆ, ಯಾವ ದಾರಿ ಬೇಡ ಅಂದೆವು, ಯಾರು ನೋಡಿಕೊಳ್ಳುತ್ತಾರೆ. ಅಮೆಜಾನ್‌ನಲ್ಲಿ ಅದರ ಸ್ಥಾಪಕ ಜೆಫ್ ಬೆಜೋಸ್ 2004ರಲ್ಲೇ ಹಿರಿಯ ಅಧಿಕಾರಿಗಳ ಮೀಟಿಂಗ್‌ಗಳಿಗೆ ಪವರ್‌ಪಾಯಿಂಟ್ ಬೇಡ ಅಂದರು. ಅದರ ಬದಲು ಪೂರ್ತಿ ವಾಕ್ಯಗಳಲ್ಲಿ ಟಿಪ್ಪಣಿ ಬರೆದು ತರಬೇಕು. ಮೀಟಿಂಗ್ ಶುರುವಾಗುವಾಗ ಎಲ್ಲರೂ ಸುಮ್ಮನೆ ಕೂತು ಅದನ್ನು ಓದುತ್ತಾರೆ, ಮಾತು ಆಮೇಲೆ. ಸ್ಲೈಡ್‌ನಲ್ಲಿ ಅರೆಬೆಂದ ಯೋಚನೆಯೂ ಚೆನ್ನಾಗಿ ಕಾಣುತ್ತದೆ. ವಾಕ್ಯ ಮಾಡಿ ಬರೆಯಲು ಹೊರಟರೆ ಎಲ್ಲಿ ಬೆಂದಿಲ್ಲ ಅಂತ ನಮಗೇ ಗೊತ್ತಾಗುತ್ತದೆ.

ಉತ್ತರ 2: ಬರವಣಿಗೆ ಸರಿ. ಆದರೆ ಸಿಟ್ಟಿನ ವಿಷಯ, ತಪ್ಪು ತಿದ್ದುವ ವಿಷಯ ಮಾತ್ರ ಚಾಟ್‌ನಲ್ಲಿ ಬೇಡ. ಫೋನ್ ಮಾಡಿ. ಹೊಗಳೋದಿದ್ದರೆ ಎಲ್ಲರಿಗೂ ಕಾಣುವ ಹಾಗೆ ಗ್ರೂಪ್‌ನಲ್ಲೇ ಹೊಗಳಿ.

ಉತ್ತರ 3: ನನ್ನ ಪ್ರಕಾರ ಎಲ್ಲಕ್ಕಿಂತ ಮುಖ್ಯವಾದದ್ದು ಕೆಟ್ಟ ಸುದ್ದಿ ನಿಮ್ಮ ಹತ್ತಿರ ಬೇಗ ಬರಬೇಕು ಅನ್ನೋದು. ದೂರದಲ್ಲಿ ಕೂತವರಿಗೆ ಎಡವಟ್ಟು ಮುಚ್ಚಿಡೋದು ಸುಲಭ. ಹೆದರಿದರೆ ಮುಚ್ಚಿಟ್ಟೇ ಇಡುತ್ತಾರೆ.

ಸಾಫ್ಟ್‌ವೇರ್ ಬರೆಯುವವರ ಕೋಡ್ ಇಟ್ಟುಕೊಳ್ಳುವ ತಾಣ ನಡೆಸುವ ಗಿಟ್‌ಲ್ಯಾಬ್ ಕಂಪನಿಯಲ್ಲಿ 2017ರ ಜನವರಿ 31ರಂದು ಆದದ್ದನ್ನು ಓದಿ. ರಾತ್ರಿ ತೊಂದರೆ ಸರಿಮಾಡಲು ಕೂತಿದ್ದ ಒಬ್ಬ ಎಂಜಿನಿಯರ್, ಬೇರೆ ಸರ್ವರ್ ಅಂದುಕೊಂಡು ಮುಖ್ಯ ಡೇಟಾಬೇಸನ್ನೇ ಅಳಿಸಲು ಕಮಾಂಡ್ ಕೊಟ್ಟರು. ಗೊತ್ತಾಗಿ ನಿಲ್ಲಿಸುವಷ್ಟರಲ್ಲಿ ಸುಮಾರು 300 ಜಿಬಿ ಹೋಗಿತ್ತು. ಬ್ಯಾಕಪ್‌ನಿಂದ ವಾಪಸ್ ತರೋಣ ಅಂದರೆ, ಇಟ್ಟುಕೊಂಡಿದ್ದ ಐದು ವ್ಯವಸ್ಥೆಗಳಲ್ಲಿ ಒಂದೂ ಸರಿಯಾಗಿ ಕೆಲಸ ಮಾಡುತ್ತಿರಲಿಲ್ಲ. ಅದೃಷ್ಟಕ್ಕೆ ಆರು ಗಂಟೆ ಹಿಂದಿನ ಒಂದು ಪ್ರತಿ ಸಿಕ್ಕಿತು. ಅವರು ಏನನ್ನೂ ಮುಚ್ಚಿಡಲಿಲ್ಲ. ರಿಪೇರಿ ಕೆಲಸವನ್ನು ಯೂಟ್ಯೂಬ್‌ನಲ್ಲಿ ನೇರವಾಗಿ ತೋರಿಸಿದರು, ಆಮೇಲೆ ಪೂರ್ತಿ ವಿವರ ಪ್ರಕಟಿಸಿದರು. ಆ ಎಂಜಿನಿಯರನ್ನು ಕೆಲಸದಿಂದ ತೆಗೆಯಲಿಲ್ಲ. ತೆಗೆದಿದ್ದರೂ ಬ್ಯಾಕಪ್ ಸರಿಹೋಗುತ್ತಿರಲಿಲ್ಲ, ಅಲ್ವಾ? ಅದನ್ನು ಯಾರೂ ಪರೀಕ್ಷೆ ಮಾಡದೆ ಬಿಟ್ಟದ್ದು ನಿಜವಾದ ರೋಗ.

ಹಾರ್ವರ್ಡ್ ವಿಶ್ವವಿದ್ಯಾಲಯದ ಸಂಶೋಧಕಿ ಏಮಿ ಎಡ್ಮಂಡ್‌ಸನ್ ಆಸ್ಪತ್ರೆಯ ತಂಡಗಳನ್ನು ಅಧ್ಯಯನ ಮಾಡಿದಾಗ, ಒಳ್ಳೆಯ ತಂಡಗಳಲ್ಲೇ ತಪ್ಪುಗಳ ಲೆಕ್ಕ ಜಾಸ್ತಿ ಕಂಡಿತು. ಅಲ್ಲಿನವರು ಜಾಸ್ತಿ ತಪ್ಪು ಮಾಡುತ್ತಿದ್ದರು ಅಂತಲ್ಲ, ಹೆದರದೆ ಹೇಳುತ್ತಿದ್ದರು.

ಹಾಗಾಗಿ ಯಾರಾದರೂ "ಸರ್, ಒಂದು ಎಡವಟ್ಟಾಗಿದೆ" ಅಂತ ಬಂದರೆ "ಹೇಳಿದ್ದು ಒಳ್ಳೇದಾಯ್ತು, ಈಗ ಏನು ಮಾಡೋಣ?" ಅನ್ನಿ. "ಯಾರು ಮಾಡಿದ್ದು?" ಅಂತ ಶುರುಮಾಡಿದರೆ ಮುಂದಿನ ಸಲ ಯಾರೂ ಬರೋದಿಲ್ಲ.

ಉತ್ತರ 4: ಟೂಲ್ ನಿಮಗಿಂತ ಚಿಕ್ಕವರಿಗೆ ಚೆನ್ನಾಗಿ ಗೊತ್ತಿದ್ದರೆ ಒಳ್ಳೇದೇ. ಅವರ ಪಕ್ಕ ಕೂತು ಕಲಿಯಿರಿ, ನಾಚಿಕೆ ಬೇಡ. ಕಲಿಸಿದವರಿಗೂ ಹುಮ್ಮಸ್ಸು ಬರುತ್ತದೆ. ಹಾಗೆಯೇ, ಆಮೇಲೆ ಬದಲಿಸಬಹುದಾದ ತೀರ್ಮಾನಗಳನ್ನು ಅವರಿಗೇ ಬಿಡಿ. ಹಿಂದಕ್ಕೆ ತೆಗೆದುಕೊಳ್ಳಲಾಗದ್ದನ್ನು ಮಾತ್ರ ನೀವು ನಿಧಾನವಾಗಿ ಯೋಚಿಸಿ ಮಾಡಿ.

ಎಐ ವಿಷಯದಲ್ಲಿ ಎರಡು ಮಾತು ಮೊದಲ ದಿನವೇ ಹೇಳಿಬಿಡಿ. ಗ್ರಾಹಕರ ಮಾಹಿತಿ, ಕಂಪನಿಯ ಗುಟ್ಟು ಹೊರಗಿನ ಟೂಲ್‌ಗೆ ಹಾಕಬಾರದು. ಎಐ ಬರೆದುಕೊಟ್ಟರೂ ಕಳಿಸಿದವರೇ ಹೊಣೆ. ಅದು ಇಲ್ಲದ ಅಂಕಿಯನ್ನೂ ಧೈರ್ಯವಾಗಿ ಬರೆಯುತ್ತದೆ, ಓದಲು ಎಲ್ಲ ಸರಿಯಾಗೇ ಕಾಣುತ್ತದೆ. ಹಾಗಾಗಿ "ಈ ಅಂಕಿ ಎಲ್ಲಿಂದ ಬಂತು?" ಅಂತ ಕೇಳೋದನ್ನು ಬಿಡಬೇಡಿ. ನಿಮ್ಮ ಕೆಲಸವನ್ನೂ ಅವರು ಹಾಗೆ ಕೇಳಲಿ.

ಕೇಳಿದವರು: ತುಂಬಾ ಉಪಯೋಗವಾಯಿತು. ಇನ್ನೊಂದು ವಿಷಯ. ಮನೆಯಲ್ಲಿರುವವರು ನಿಜಕ್ಕೂ ಕೆಲಸ ಮಾಡುತ್ತಿದ್ದಾರಾ ಅಂತ ನೋಡಲು ಟ್ರ್ಯಾಕಿಂಗ್ ಸಾಫ್ಟ್‌ವೇರ್ ಹಾಕಿ ಅಂತ ಮೇಲಿನವರು ಹೇಳುತ್ತಿದ್ದಾರೆ. ಹಾಕಲಾ?

ಉತ್ತರ 3: ದಯವಿಟ್ಟು ಬೇಡ. ಅಂಥ ಸಾಫ್ಟ್‌ವೇರ್ ಹೆಚ್ಚಾಗಿ ನೋಡೋದು ಮೌಸ್, ಕೀಬೋರ್ಡ್ ಆಡುತ್ತಿವೆಯಾ ಅಂತ. ಮೌಸ್ ತಾನಾಗೇ ಅಲ್ಲಾಡುವ ಹಾಗೆ ಮಾಡುವ ಸಾಧನಗಳು ಮಾರಾಟಕ್ಕೇ ಇವೆ. ನೀವು ಮೌಸ್ ಲೆಕ್ಕ ಇಟ್ಟರೆ ನಿಮಗೆ ಮೌಸೇ ಸಿಗುತ್ತದೆ. ಈ ವಾರ ಏನು ಮುಗಿಯಬೇಕು ಅಂತ ಸೋಮವಾರ ಅವರ ಜೊತೆ ಕೂತು ಬರೆದುಕೊಳ್ಳಿ, ಶುಕ್ರವಾರ ಇಬ್ಬರೂ ಸೇರಿ ನೋಡಿ. ಮುಗಿಯದಿದ್ದರೆ ಎಲ್ಲಿ ಸಿಕ್ಕಿಹಾಕಿಕೊಂಡಿತು ಅಂತ ಕೇಳಿ. ಮೇಲಿನವರಿಗೂ ಆ ಪಟ್ಟಿಯನ್ನೇ ತೋರಿಸಿ. ಅವರಿಗೆ ಬೇಕಾಗಿರೋದೂ ಕೆಲಸ ಮುಗಿಯೋದೇ.