ಸಲ್ಫೇಟ್, ನೈಟ್ರೇಟ್‌ಗೆ ‘ಗಂಟು’ ಅನಬಹುದೇನ್ರಿ?

ಎಲ್ಲಾರಿಗೂ ನಮಸ್ಕಾರ್ರಿ. ಸಲ್ಫೇಟ್, ನೈಟ್ರೇಟ್, ಕಾರ್ಬೋನೇಟ್, ಅಮೋನಿಯಂ ಇಂಥವಕ್ಕ ಪುಸ್ತಕದ ಭಾಷಾದಾಗ ‘ಬಹುಪರಮಾಣು ಅಯಾನು’ (ಒಂದಕ್ಕಿಂತ ಹೆಚ್ಚು ಪರಮಾಣು ಕೂಡಿ ಒಂದಾಗಿ ವಿದ್ಯುದಾವೇಶ ಹೊತ್ತ ಕಣ) ಅಂತಾರ, ಪರೀಕ್ಷಾದಾಗ ಬರಿಯಾಕ ಛಲೋ ಐತಿ ಆದ್ರ ಬೋರ್ಡ್ ಮುಂದ ನಿಂತು ಸಮೀಕರಣ ಸರಿದೂಗಿಸುವಾಗ (ಎರಡೂ ಕಡೆ ಪರಮಾಣು ಲೆಕ್ಕ ಸಮ ಮಾಡುವಾಗ) ಅಷ್ಟುದ್ದ ಯಾರೂ ಅನ್ನಂಗಿಲ್ಲ. ಹಳೇ ಮಾಸ್ತರು ‘ರ್‍ಯಾಡಿಕಲ್’ ಅಂತಿದ್ರು, ಈಗ ಆ ಶಬ್ದ ಜೋಡಿ ಇಲ್ಲದ ಒಂಟಿ ಎಲೆಕ್ಟ್ರಾನ್ ಇರೂ ಕಣಕ್ಕ ಹೋಗೇತಿ. ಬೆಳಗಾವಿ ಕಡೆ ಮರಾಠಿಯವರ ‘ಮೂಲಕ’ ಐತಿ ಖರೆ, ನಮ್ಮ ಹುಡುಗೂರಿಗೆ ಅದು ‘ಅಂಚೆ ಮೂಲಕ’ದ ಮೂಲಕನ! ‘ಗುಂಪು’ ಅನ್ನೂಣು ಅಂದ್ರ ಆವರ್ತ ಕೋಷ್ಟಕದಾಗಿನ ಕಂಬಸಾಲಿಗೆ ಅದ ಹೆಸರು.

ಹಿಂಗಾಗಿ ಬಾಗಲಕೋಟಿಯೊಳಗ ಕ್ಲಾಸಿನ್ಯಾಗ ನಾ ‘ಗಂಟು’ ಅಂತೀನ್ರಿ. ಎಸ್ಸೆಸ್ಸೆಲ್ಸಿ ಹುಡುಗೂರು ಮಾಡೂ ಲೆಕ್ಕಾನ ತಗೋರಿ, BaCl₂ ಅಂದ್ರ ಬೇರಿಯಂ ಕ್ಲೋರೈಡ್‌ಗೆ ಅಲ್ಯೂಮಿನಿಯಂ ಸಲ್ಫೇಟ್, Al₂(SO₄)₃, ಕೂಡಿಸಿದ್ರ ಬೇರಿಯಂ ಸಲ್ಫೇಟ್ (BaSO₄) ಬೆಳ್ಳಗ ತಳಕ್ಕ ಕೂಡತೈತಿ, ಅಲ್ಯೂಮಿನಿಯಂ ಕ್ಲೋರೈಡ್ (AlCl₃) ನೀರಾಗ ಉಳಿತೈತಿ. ಹುಡುಗೂರು ಸಲ್ಫರ್ 3, ಆಕ್ಸಿಜನ್ 12 ಅಂತ ಬಿಡಿಬಿಡಿ ಎಣಿಸಾಕ ಹತ್ತತಾರ. ಗಂಟು ಬಿಚ್ಚಬ್ಯಾಡ್ರೋ, ಕಂಸದ ಹೊರಗಿನ 3 ಅಂದ್ರ ಮೂರು ಗಂಟು, ಆ ಕಡೆ ಬೇರಿಯಂ ಸಲ್ಫೇಟ್‌ನ್ಯಾಗ ಒಂದ ಗಂಟೈತಿ ಅದರ ಮುಂದ 3 ಹಚ್ರಿ ಅಂದ್ರ ಸಾಕು, ಈ ಕಡೆ ಬೇರಿಯಂ ಕ್ಲೋರೈಡ್‌ಗೂ 3 ಬಂತು, ಕ್ಲೋರಿನ್ 6 ಆದವು, ಅಲ್ಯೂಮಿನಿಯಂ ಕ್ಲೋರೈಡ್‌ಗೆ 2 ಹಚ್ಚಿದ್ರ ಮುಗೀತು.

ಈ ಶಬ್ದ ನನಗ ಹಿಡಿಸಿದ್ದು ಇನ್ನೊಂದು ಕಾರಣಕ್ಕ. ಗಂಟು ಬಿಚ್ಚತೈತಿ. ನಮ್ಮ ಲೋಕಾಪುರ ಕಡೆ ಸುಣ್ಣಕಲ್ಲಿನ ಮ್ಯಾಲ ಹೈಡ್ರೋಕ್ಲೋರಿಕ್ ಆಸಿಡ್ ಹನಿಸಿದ್ರ ಬುರಬುರ ನೊರಿ ಏಳತೈತಲ್ರಿ, ಅಲ್ಲಿ ಕಾರ್ಬೋನೇಟ್ ಹೋಗಿ ಕಾರ್ಬನ್ ಡೈಆಕ್ಸೈಡೂ ನೀರೂ ಆಗತಾವ, ಬಲಗಡೆ ಗಂಟ ಇರಂಗಿಲ್ಲ. ಅಂಥಲ್ಲಿ ಒಂದೊಂದ ಪರಮಾಣು ಎಣಿಸೂದ ದಾರಿ. ಗಂಟು ಎರಡೂ ಕಡೆ ಹಂಗ ಇದ್ರ ಮಾತ್ರ ಗಂಟಿನ ಲೆಕ್ಕ ಅಂತ ಹೇಳಿದ್ರ ಹುಡುಗೂರಿಗೆ ಮತ್ತ ನಿಯಮ ಬರಸೂದು ಬ್ಯಾಡ.

ನನ್ನ ಪ್ರಶ್ನೆ ಏನಂದ್ರ, ನಮ್ಮಲ್ಲಿ ಗಂಟು ಅಂದ್ಕೂಡ್ಲೆ ಅರಿವ್ಯಾಗ ಕಟ್ಟಿದ್ದು, ಬುತ್ತಿ ಗಂಟಿನಂಥಾದ್ದು ನೆನಪಾಗತೈತಿ. ಮೈಸೂರು, ಮಂಗಳೂರು ಕಡೆಯವರಿಗೆ ಮೊದಲ ಹಗ್ಗದ ಗಂಟ ಕಾಣತೈತೇನು? ಹಂಗಿದ್ರ ಓದಿದವರು ಇದನ್ನ ಪರಮಾಣುಗಳ ನಡುವಿನ ಬಂಧ ಅಂತ ತಿಳ್ಕೊಂಡಾರು, ಅರ್ಥನ ಕೆಡತೈತಿ. ‘ಕಟ್ಟು’ ಅಂದ್ರ ಹೆಂಗ? ಕ್ಲಾಸಿನ್ಯಾಗ ಬ್ಯಾರೆ ಏನರ ಬಳಸೂರಿದ್ರ ಊರ ಹೆಸರು ಹಾಕಿ ಬರೀರಿ.