‘ಪಸರಾ’: ದಾಟುತ್ತೆ, ಆಗುತ್ತೆ, ಏನೋ ಆಗಿರಬೇಕು

ಸ್ಪ್ಯಾನಿಷ್‌ನ ‘ಪಸಾರ್’ ಕ್ರಿಯಾಪದದ ಭವಿಷ್ಯತ್ ರೂಪ ‘ಪಸರಾ’, ಬಹುವಚನದಲ್ಲಿ ‘ಪಸರಾನ್’. ನಿಘಂಟಿನಲ್ಲಿ ಮೊದಲು ಸಿಗೋದು ‘ಹಾದುಹೋಗು, ದಾಟು’. ಮೂಲ ಲ್ಯಾಟಿನ್‌ನ ‘ಪಸ್ಸುಸ್’, ಅಂದರೆ ಹೆಜ್ಜೆ. ಐದು ಗಂಟೆಗೆ ರೈಲು ‘ಪಸರಾ’ ಎಂದರೆ ಐದಕ್ಕೆ ಇಲ್ಲಿ ಹಾದುಹೋಗುತ್ತೆ. ಇಷ್ಟರ ಮಟ್ಟಿಗೆ ತಕರಾರಿಲ್ಲ.

ಆದರೆ ‘ಕೆ ಪಸರಾ?’ ಎಂದರೆ ‘ಏನಾಗುತ್ತೆ?’. ಅಲ್ಲಿ ಹೆಜ್ಜೆಯೂ ಇಲ್ಲ, ದಾಟೋದೂ ಇಲ್ಲ. ಪ್ರೀತಿ ಮುರಿದು ಅಳುತ್ತಾ ಕೂತ ಹುಡುಗನಿಗೆ ‘ಯಾ ಸೆ ತೆ ಪಸರಾ’ ಅಂತಾರೆ. ಕನ್ನಡದಲ್ಲಿ ‘ಎಲ್ಲ ಸರಿಹೋಗುತ್ತೆ ಬಿಡು’. ಆ ‘ಯಾ’ ಕೊಡುವ ಸಮಾಧಾನವನ್ನು ನಮ್ಮ ‘ಬಿಡು’ ಕೊಡುತ್ತೆ. ‘ಅದು ನಿನ್ನಿಂದ ದಾಟಿಹೋಗುವುದು’ ಎಂದು ಅನುವಾದಿಸಿದರೆ ಹುಡುಗನಿಗೆ ದೆವ್ವ ಹಿಡಿದಿತ್ತೇನೋ ಅನ್ನಿಸೀತು!

ನಿಜವಾದ ತೊಡಕು ‘ಕೆ ಲೆ ಪಸರಾ?’ ಎಂಬಲ್ಲಿದೆ. ಪಕ್ಕದ ಮನೆಯವನು ಬೆಳಗ್ಗೆಯಿಂದ ಬಾಗಿಲು ತೆಗೆದಿಲ್ಲ ಅಂದುಕೊಳ್ಳಿ. ಆಗ ಈ ಮಾತು ಬರುತ್ತೆ. ‘ಲೆ’ ಅಂದರೆ ‘ಅವನಿಗೆ’, ನಮ್ಮ ಚತುರ್ಥಿಯ ಹಾಗೇ. ರೂಪ ನೋಡಿದರೆ ‘ಅವನಿಗೆ ಮುಂದೆ ಏನಾಗುತ್ತೆ’ ಎಂದು ಓದಿಬಿಡಬಹುದು. ಕೇಳುತ್ತಿರೋದು ಮಾತ್ರ ಈಗಿನ ವಿಷಯ: ‘ಅವನಿಗೆ ಏನಾಗಿರಬಹುದು?’. ಹೀಗೇ ‘ಸೆರಾನ್ ಲಾಸ್ ತ್ರೆಸ್’ ಎಂದರೆ ‘ಮೂರು ಗಂಟೆ ಆಗಿರಬೇಕು’. ‘ಎಸ್ತರಾ ಎನ್ ಕಾಸಾ’ ಎಂದರೆ ‘ಮನೆಯಲ್ಲಿರ್ತಾನೆ’.

ಈ ಕೊನೆಯದನ್ನು ಗಮನಿಸಿ. ‘ಈ ಹೊತ್ತಲ್ಲಿ ಅವನು ಮನೆಯಲ್ಲೇ ಇರ್ತಾನೆ, ಹೋಗಿ ನೋಡು’ ಅಂತ ನಾವೂ ಹೇಳ್ತೀವಿ. ನಾಳೆ ಇರೋದಕ್ಕೂ ‘ಇರ್ತಾನೆ’, ಈಗ ಇರಬಹುದು ಎಂಬ ಊಹೆಗೂ ‘ಇರ್ತಾನೆ’. ಅನುಮಾನ ಇನ್ನೂ ಜಾಸ್ತಿ ಇದ್ದರೆ ‘ಬಂದಾನು’, ‘ಆದೀತು’ ಎಂಬ ಬೇರೆ ರೂಪವೇ ನಮ್ಮಲ್ಲಿದೆ. ಸ್ಪ್ಯಾನಿಷ್‌ನವರು ಭವಿಷ್ಯತ್ ರೂಪದಿಂದಲೇ ಊಹೆಯ ಕೆಲಸವನ್ನೂ ಮಾಡಿಸ್ತಾರೆ. ಮಾತಿನಲ್ಲಂತೂ ಮುಂದಾಗೋದನ್ನು ಹೇಳಲು ‘ವಾ ಅ ಪಸಾರ್’ ಎಂಬ ಇನ್ನೊಂದು ರೂಪವೇ ಹೆಚ್ಚು ಓಡುತ್ತೆ. ಲ್ಯಾಟಿನ್ ಅಮೆರಿಕದಲ್ಲಿ ಇದು ಇನ್ನೂ ಜಾಸ್ತಿ. ಹಾಗಾಗಿ ಸಂಭಾಷಣೆಯಲ್ಲಿ ‘ಪಸರಾ’ ಕಂಡರೆ ಮೊದಲು ಊಹೆಯೇ ಇರಬೇಕು ಎಂದು ನೋಡೋದು ಒಳ್ಳೆಯದು.

ಈ ರೂಪದ ಹುಟ್ಟೂ ಸ್ವಾರಸ್ಯವಾಗಿದೆ. ಮೂಲ ಕ್ರಿಯಾಪದಕ್ಕೆ ‘ಹೊಂದಿರು’ ಎಂಬರ್ಥದ ಲ್ಯಾಟಿನ್ ಸಹಾಯಕ ಕ್ರಿಯಾಪದ ‘ಹಬೇರೆ’ ಅಂಟಿಕೊಂಡು ಇದು ಆಗಿದೆ. ಸುಮಾರಾಗಿ ‘ಹಾದುಹೋಗಲಿಕ್ಕಿದೆ’ ಎಂದ ಹಾಗೆ. ಮಂಗಳೂರು ಕಡೆಯವರಿಗೆ ಈ ‘ಲಿಕ್ಕಿದೆ’ ಹೊಸದೇನಲ್ಲ. ಹಳೆಯ ಸ್ಪ್ಯಾನಿಷ್‌ನಲ್ಲಿ ಎರಡೂ ತುಂಡು ಬೇರೆ ಬೇರೆಯಾಗಿಯೇ ಇದ್ದವು. ‘ನಿನಗೆ ಕೊಡುತ್ತೇನೆ’ ಎನ್ನಲು ‘ದಾರ್ ತೆ ಎ’ ಎಂದು ‘ನಿನಗೆ’ ಎಂಬುದನ್ನು (‘ತೆ’) ನಡುವೆ ತೂರಿಸಬಹುದಿತ್ತು. ಆಜ್ಞೆಗೂ ಇದೇ ರೂಪ ಬರುತ್ತೆ. ಹತ್ತು ಆಜ್ಞೆಗಳಲ್ಲಿ ‘ನೋ ಮತರಾಸ್’ ಎಂದಿದೆ. ರೂಪದಲ್ಲಿ ‘ನೀನು ಕೊಲ್ಲುವುದಿಲ್ಲ’, ಅರ್ಥದಲ್ಲಿ ‘ಕೊಲ್ಲಬಾರದು’.

ಇಷ್ಟೆಲ್ಲ ಹೇಳಿದ್ದು ‘ನೋ ಪಸರಾನ್’ ಎಂಬ ಘೋಷಣೆಗಾಗಿ. 1936ರ ಜುಲೈ 19ರಂದು, ಸ್ಪೇನ್‌ನ ಗಣರಾಜ್ಯ ಸರ್ಕಾರದ ವಿರುದ್ಧ ಸೈನ್ಯದ ದಂಗೆ ಶುರುವಾಗಿ ಎರಡೇ ದಿನಕ್ಕೆ, ಕಮ್ಯುನಿಸ್ಟ್ ನಾಯಕಿ ಡೊಲೊರೆಸ್ ಇಬಾರ‍್ರುರಿ ಆ ದಂಗೆಕೋರರ ಬಗ್ಗೆ ಮ್ಯಾಡ್ರಿಡ್‌ನ ರೇಡಿಯೊದಲ್ಲಿ ಹೇಳಿದ ಮಾತು. ಊರಿನ ಬೀದಿಗೆ ಅಡ್ಡಲಾಗಿ ಇದೇ ಮಾತಿನ ಬ್ಯಾನರ್ ಕಟ್ಟಿದ್ದರು. 1939ರ ಮಾರ್ಚ್‌ನಲ್ಲಿ ಊರು ಬಿದ್ದ ಮೇಲೆ ದಂಗೆಯ ನಾಯಕ ಫ್ರಾಂಕೊ ಕಡೆಯವರು ‘ಯಾ ಎಮೋಸ್ ಪಸಾವ್’, ಅಂದರೆ ‘ದಾಟಿ ಬಂದೇಬಿಟ್ವಿ’ ಎಂದು ಅದೇ ಕ್ರಿಯಾಪದದಲ್ಲಿ ಹಂಗಿಸಿದರು.

ಇದಕ್ಕೆ ಕನ್ನಡ ಏನು? ‘ಅವರು ದಾಟುವುದಿಲ್ಲ’ ಎಂದರೆ ಯಾರೋ ಸುಮ್ನೆ ಸುದ್ದಿ ಓದಿದ ಹಾಗಿದೆ. ‘ದಾಟಲಾರರು’ ಎಂದರೆ ಅವರಿಗೆ ಶಕ್ತಿ ಸಾಲದು ಎಂದಾಗುತ್ತೆ. ‘ದಾಟಗೊಡೆವು’ ಎಂಬುದರಲ್ಲಿ ಛಲ ಇದೆ, ಆದರೆ ಕರ್ತೃ ‘ಅವರು’ ಹೋಗಿ ‘ನಾವು’ ಬಂತು. ಸ್ಪ್ಯಾನಿಷ್‌ನಲ್ಲಿ ‘ನಾವು’ ಎಲ್ಲೂ ಇಲ್ಲ. ಬಿಡುವುದಿಲ್ಲ ಎಂಬ ಹಟವೆಲ್ಲ ಆ ಭವಿಷ್ಯತ್ ರೂಪದಲ್ಲೇ ಅಡಗಿದೆ. ‘ದಾಟರು’ ಎಂಬ ಹಳೆಯ ನಿಷೇಧ ರೂಪ ನನಗೆ ಹತ್ತಿರ ಅನ್ನಿಸುತ್ತೆ. ಚಿಕ್ಕದು, ಕಾಲದ ಗುರುತೂ ಇಲ್ಲ. ಗುಂಪಿನಲ್ಲಿ ಕೂಗಿದರೆ ಮಾತ್ರ ಕಿವಿಗೆ ಹತ್ತುತ್ತೋ ಇಲ್ವೋ ಅನುಮಾನ. ಮೆರವಣಿಗೆಯಲ್ಲಿ ಘೋಷಣೆ ಕೂಗಿ ಅಭ್ಯಾಸ ಇದ್ದವರು ಯಾರಾದರೂ ಹೇಳ್ತೀರಾ: ‘ದಾಟರು’ ನಿಲ್ಲುತ್ತಾ, ಅಥವಾ ‘ಬಿಡೆವು ಬಿಡೆವು, ದಾಟಬಿಡೆವು’ ಎಂದೇ ಆಗಬೇಕಾ?